ಮೂರನೇ ದಿನದ ಗುದ್ದಲಿ

(ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದವರೊಬ್ಬರ ಕಥೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಅವರಿಗೆ 61 ವರ್ಷ, ನಿವೃತ್ತ ಗಣಿತ ಟೀಚರ್. ಗಂಡ ತೀರಿಕೊಂಡ ಮೇಲೆ ಮಗನ ಮನೆಗೆ, ಟಾಂಜಾನಿಯಾದ ದಾರ್ ಎಸ್ ಸಲಾಮ್‌ಗೆ ಹೋಗಿದ್ದರು. ವಿಡಿಯೊ ಕಾಲ್‌ನಲ್ಲಿ ಮೊದಲು ಹೇಳಿದ್ದು ಇದು: "ಯಾರೂ ಏನೂ ಅನ್ನಲ್ಲ ಮೇಡಂ. ಸೊಸೆ ಒಂದು ಲೋಟ ತೊಳೆಯೋಕೂ ಬಿಡಲ್ಲ. ಆದರೆ ಬೆಳಿಗ್ಗೆ ಯಾಕೆ ಏಳಬೇಕು ಅಂತಾನೇ ಗೊತ್ತಾಗಲ್ಲ."

ಇಂಥ ಮಾತು ಬಂದರೆ ನಿದ್ದೆ, ಹಸಿವು, ಸಾಯುವ ಯೋಚನೆ ಮೂರನ್ನೂ ನೇರವಾಗಿ ಕೇಳುತ್ತೇನೆ. ಊಟ, ನಿದ್ದೆ ಸರಿಯಾಗಿತ್ತು. ಸಾಯುವ ಯೋಚನೆ ಇರಲಿಲ್ಲ. ಭಜನೆ, ಕಸೂತಿ, ವಾಕಿಂಗ್ ಅಂತ ಸಲಹೆ ಕೊಟ್ಟೆ. ಒಂದೂ ಹತ್ತಲಿಲ್ಲ. ತಪ್ಪು ನನ್ನದೇ. ಹೊತ್ತು ಹೋಗುತ್ತಿಲ್ಲ ಅಂತ ಅವರು ಹೇಳಿರಲೇ ಇಲ್ಲ.

ಮೂರನೇ ಸಲ ಅವರ ಹೆಗಲ ಮೇಲೆ ಬಣ್ಣದ ಕಾಂಗಾ ಇತ್ತು, ಅಲ್ಲಿನ ಹೆಂಗಸರು ಉಡುವ, ಹೊದೆಯುವ ಬಟ್ಟೆ. ಮನೆಕೆಲಸದ 'ದಾದಾ' ಕೊಟ್ಟದ್ದಂತೆ. (ಸ್ವಾಹಿಲಿಯಲ್ಲಿ ದಾದಾ ಅಂದರೆ ಅಕ್ಕ. ನಮ್ಮೂರಿನ ದಾದಾ ಅಲ್ಲ!) ಈ ಬಟ್ಟೆಯಲ್ಲಿ ಒಂದು ಸಾಲು ಅಚ್ಚಾಗಿರುತ್ತದೆ, ಹೆಚ್ಚಾಗಿ ಗಾದೆ. ಬಾಯಿಬಿಟ್ಟು ಹೇಳಲಾಗದ್ದನ್ನು ಹೆಂಗಸರು ಕಾಂಗಾ ಉಟ್ಟು ಹೇಳುವುದೂ ಉಂಟು. ಇವರದ್ದರಲ್ಲಿ "ಹಬಾ ನಾ ಹಬಾ ಹುಜಾಝ ಕಿಬಾಬಾ" ಅಂತಿತ್ತು. ಚೂರು ಚೂರೇ ಸೇರಿ ಅಳತೆ ಪಾತ್ರೆ ತುಂಬುತ್ತದೆ.

"ನಮ್ಮ ಹನಿ ಹನಿ ಕೂಡಿದರೆ ಹಳ್ಳವೇ ಅಲ್ವಾ!" ಅಂತ ನಕ್ಕರು. ಅವರು ನಕ್ಕಿದ್ದು ನಾನು ನೋಡಿದ್ದು ಅದೇ ಮೊದಲು. ದಾದಾ ಹತ್ತಿರ ಕಲಿತ ಇನ್ನೊಂದು ಗಾದೆ ಹೇಳಿ ಅಂದೆ.

"ಮ್ಗೆನಿ ಸಿಕು ಮ್ಬಿಲಿ, ಸಿಕು ಯಾ ತಾತು ಮ್ಪೆ ಜೆಂಬೆ." ನೆಂಟನಿಗೆ ಎರಡು ದಿನ, ಮೂರನೇ ದಿನ ಕೈಗೆ ಗುದ್ದಲಿ ಕೊಡು. ಆ ದೇಶದ ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೇರೆ 1962ರ ಲೇಖನವೊಂದರಲ್ಲಿ ಇದನ್ನು ಬಳಸಿದ್ದರು, ಎಲ್ಲರೂ ದುಡಿಯಲೇಬೇಕು ಅನ್ನಲು. ನನಗೆ ಅದರ ಇನ್ನೊಂದು ಮಗ್ಗುಲು ಕಂಡಿತು. ಗುದ್ದಲಿ ಸಿಕ್ಕವನು ಆಮೇಲೆ ನೆಂಟನಲ್ಲ, ಮನೆಯವನು.

"ನಿಮಗಿದು ಎಷ್ಟನೇ ದಿನ?" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಎಂಟು ತಿಂಗಳು ಆಯ್ತು."

ಕೊಟ್ಟ ಸಲಹೆ ಇಷ್ಟೇ. ಸೊಸೆ ಹತ್ತಿರ 'ಸಹಾಯ ಮಾಡ್ಲಾ' ಅಂತ ಕೇಳಬೇಡಿ, ಅವರು ಬೇಡ ಅಂತಾರೆ. 'ಈ ಕೆಲಸ ನನ್ನದು' ಅಂತ ಒಂದನ್ನು ಕೇಳಿ ತಗೊಳ್ಳಿ. ನೀವು ಬಿಟ್ಟರೆ ನಿಂತುಹೋಗುವಂಥದ್ದಾಗಿರಲಿ. ದೇವರ ಮನೆ ಹೂವು ಸಾಲದು.

ಮುಂದಿನ ಸಲ ಸೊಸೆಯೂ ಕೂತಿದ್ದರು. ಕೆಲಸ ಹೇಳಿದರೆ ಅತ್ತೆಗೆ ಅವಮಾನ ಅಂದುಕೊಂಡಿದ್ದರಂತೆ. ಕಣ್ಣಲ್ಲಿ ನೀರಿತ್ತು. ಕಡೆಗೆ ಕಿಸುತು ಮಾರುಕಟ್ಟೆಯ ತರಕಾರಿ, ಅದರ ಲೆಕ್ಕ ಎರಡೂ ಟೀಚರ್ ಪಾಲಾಯಿತು. ಮೋಜಾ, ಮ್ಬಿಲಿ, ತಾತು ಅಂತ ಎಣಿಕೆ ಕಲಿತು ಚೌಕಾಸಿಗೆ ಇಳಿದರು.

ದುಃಖ ಹೋಗಿಲ್ಲ. ಗಂಡನ ವಿಷಯ ಬಂದರೆ ಈಗಲೂ ಅಳುತ್ತಾರೆ, ಅದರ ಬಗ್ಗೆ ಮಾತಾಡುತ್ತಿದ್ದೇವೆ. ಹೋದ ವಾರ ಮೆಸೇಜ್ ಬಂತು: "ಬುಧವಾರ ಬೇಡ ಮೇಡಂ, ಮಾರ್ಕೆಟ್ ಇದೆ."