ಬಾಟಲಿಯಲ್ಲಿ ಸಮುದ್ರತಳದ ಪದರ ಬರ್ತಿಲ್ಲ ಅಂದಿದ್ದಕ್ಕೆ

ಮಕ್ಕಳಿಗೆ ಪ್ರದರ್ಶನದಲ್ಲಿ ತೋರಿಸಲು ಬಾಟಲಿಯಲ್ಲಿ ಸಮುದ್ರತಳದ ಹಾಗೆ ಒಂದರ ಮೇಲೊಂದು ಪದರ ಮಾಡಲು ಹೋದರೆ ಬರ್ತಿಲ್ಲ ಅಂದಿದ್ದೀರಿ. ಮರಳು, ಮಾಲೂರಿನ ಕೆರೆಗೋಡು (ಕೆರೆಯ ತಳದ ಜೇಡಿಮಣ್ಣು) ಎರಡನ್ನೂ ಒಂದೇ ಸಲ ಸುರಿದು ಕಲಕಿದ್ದೀರಲ್ಲ, ಬಹುಶಃ ಅದೇ ಕಾರಣ. ಹಾಗೆ ಮಾಡಿದರೆ ಕೆಳಗೆ ಮರಳು, ಮೇಲೆ ಗೋಡು, ಅಷ್ಟೇ. ನೀರೂ ಬೇಗ ತಿಳಿಯಾಗಲ್ಲ.

ಮೊದಲು ಲೀಟರ್ ನೀರಿಗೆ 35 ಗ್ರಾಂ ಉಪ್ಪು ಕರಗಿಸಿ. ಸಮುದ್ರದ ನೀರಿನಲ್ಲೂ ಸುಮಾರು ಅಷ್ಟೇ ಇರುತ್ತದೆ. ಉಪ್ಪಿಗೆ ಜೇಡಿಯ ಕಣಗಳು ಒಂದಕ್ಕೊಂದು ಅಂಟಿ ಬೇಗ ಇಳಿಯುತ್ತವೆ. ನದಿ ಸಮುದ್ರ ಸೇರುವಲ್ಲಿ ಆಗೋದೂ ಇದೇ. ಆಮೇಲೆ ಒಂದು ಹಿಡಿ ಮರಳು. ಅದರ ಮೇಲೆ ಜರಡಿ ಹಿಡಿದ ಗೋಡನ್ನು ಕದಡಿ, ಬಾಟಲಿಯ ಒಳಗೋಡೆಗೆ ತಾಗಿಸಿ ನಿಧಾನವಾಗಿ ಬಿಡಿ. ನೀರು ತಿಳಿಯಾದ ಮೇಲೇ ಮರಳು, ಗೋಡಿನ ಮುಂದಿನ ಸುತ್ತು. ಗೋಡಿನ ಜಿಗುಟಿನ ಮೇಲೆ ಸಮಯ ಹೆಚ್ಚುಕಮ್ಮಿ ಆಗಬಹುದು.

ಮಕ್ಕಳಿಗೆ ಇದನ್ನು ಖಂಡಿತ ಹೇಳಿ: ನಿಜವಾದ ಸಮುದ್ರತಳದಲ್ಲಿ ಹುಳುಗಳು ಕೆಸರನ್ನು ಅಗೆದು ಪದರ ಅಳಿಸುತ್ತವೆ. ಕಪ್ಪು ಸಮುದ್ರದ ಆಳದಲ್ಲಿ ಆಮ್ಲಜನಕವಿಲ್ಲ, ಹುಳುಗಳೂ ಇಲ್ಲ. ಅದಕ್ಕೇ ಅಲ್ಲಿ ತೆಳು ಪದರಗಳೂ ಉಳಿದಿವೆ.

ಪ್ರದರ್ಶನದ ಮೇಜಿನ ಮೇಲೇ ತಯಾರಿಸಿ, ಆಮೇಲೆ ಬಾಟಲಿ ಅಲುಗಿಸಬೇಡಿ.