ಫೋಟೋದ ಅಜ್ಜಿಗೆ ಹೆಸರು ಬೇಡವೇ?

ಪತ್ರ: ಉತ್ತರ ಕರ್ನಾಟಕದ ಹಳ್ಳಿ ಸಂಸ್ಕೃತಿ ಕುರಿತ ಛಾಯಾಚಿತ್ರ ಪ್ರದರ್ಶನವನ್ನು ಬೆಂಗಳೂರಿನಲ್ಲಿ ನೋಡಿ ಬಂದೆ. ಕಪ್ಪು-ಬಿಳುಪಿನ ಒಂದೊಂದು ಚಿತ್ರವೂ ಒಂದು ಕಾವ್ಯ. ಒಂದು ಮೊಬೈಲು, ಒಂದು ಕರೆಂಟ್ ಕಂಬ ಕೂಡ ಕಾಣದ ಅಪ್ಪಟ ಹಳ್ಳಿ! ಕೆಳಗೆ ‘ನಂಬಿಕೆ’, ‘ಬದುಕು’, ‘ಕಾಯಕ’ ಎಂದು ಒಂದೊಂದೇ ಪದ. ನೀವು ಮಾತ್ರ ನಿಮ್ಮ ಪತ್ರಿಕೆಯಲ್ಲಿ ಪ್ರತಿ ಫೋಟೋಕ್ಕೂ ಊರು, ಹೆಸರು, ತಿಂಗಳು ಎಂದು ಬಾಲ ಅಂಟಿಸುತ್ತೀರಿ. ಒಳ್ಳೆಯ ಚಿತ್ರ ತಾನೇ ಮಾತಾಡುತ್ತದೆ, ಅಲ್ಲವೇ? ವಿಶೇಷಾಂಕದಲ್ಲಿ ಈ ಚಿತ್ರಗಳನ್ನು ಹಾಕಿ. ದಯವಿಟ್ಟು ವಿವರ ಹಾಕಿ ಕೆಡಿಸಬೇಡಿ.
– ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ಮಾನ್ಯರೇ, ನಿಮ್ಮ ಪತ್ರ ಓದಿ ಖುಷಿಯಾಯಿತು. ಪ್ರದರ್ಶನಕ್ಕೆ ಹೋಗಿ, ಎಲ್ಲವನ್ನೂ ನಿಂತು ನೋಡಿ, ಮನೆಗೆ ಬಂದು ಪತ್ರ ಬರೆಯುವ ಓದುಗರು ಈಗ ಎಷ್ಟು ಜನ ಇದ್ದಾರೆ ಹೇಳಿ. ನಿಮ್ಮ ಮಾತಿನಲ್ಲೂ ನಿಜ ಇದೆ. ಮೈಸೂರಿನ ಟಿ.ಎಸ್. ಸತ್ಯನ್ ತೆಗೆದ ಮಕ್ಕಳ ಫೋಟೋಗಳನ್ನು ನೋಡಿ ನಗುವುದಕ್ಕೆ ಯಾವ ವಿವರವೂ ಬೇಕಿಲ್ಲ. ಪಠ್ಯಪುಸ್ತಕದ ಧಾಟಿಯಲ್ಲಿ ಮಾರುದ್ದ ಬರೆದು ಚಿತ್ರದ ಜೀವ ತೆಗೆಯುವವರೂ ಇದ್ದಾರೆ. ಇಷ್ಟು ಒಪ್ಪಿಕೊಂಡೆ.

ಇನ್ನು ಜಗಳಕ್ಕೆ ಬರೋಣ.

ಆ ಪ್ರದರ್ಶನಕ್ಕೆ ನಾನೂ ಹೋಗಿದ್ದೆ. ‘ನಂಬಿಕೆ – 4’ ಎಂಬ ಚಿತ್ರ ನಿಮಗೆ ನೆನಪಿರಬೇಕು. ವಯಸ್ಸಾದ ಹೆಣ್ಣುಮಗಳು, ತಲೆಯ ಮೇಲೆ ಬುಟ್ಟಿ, ಬುಟ್ಟಿ ತುಂಬ ಬೇವಿನ ಸೊಪ್ಪು. ಸೊಪ್ಪಿನ ನಡುವೆ ಕಣ್ಣು ಬಿಟ್ಟುಕೊಂಡು ಕೂತ ಮಣ್ಣಿನ ಮೂರ್ತಿ, ಅದರ ಬಾಯಿಗೆ ಬಿಳಿಯದೇನೋ ಮೆತ್ತಿದೆ. ನನ್ನ ಪಕ್ಕದಲ್ಲಿ ನಿಂತಿದ್ದ ಹುಡುಗಿ “ಯಾವುದೋ ದೇವಿ ಇರಬೇಕು” ಎಂದಳು. ಜೊತೆಗಿದ್ದ ಹುಡುಗ “ಗಣಪತಿ ಕಣೇ, ಸೊಂಡಿಲು ಮುರಿದಿದೆ” ಎಂದ. ಚಿತ್ರ ತಾನೇ ಮಾತಾಡಿದ್ದು ಇಷ್ಟು!

ಅವನು ಜೋಕುಮಾರ. ಬಾಯಲ್ಲಿರುವುದು ಬೆಣ್ಣೆ. ಭಾದ್ರಪದದಲ್ಲಿ ಗಣಪತಿ ಹಬ್ಬದ ಬೆನ್ನಿಗೇ ಹುಟ್ಟುತ್ತಾನೆ. ಗಂಗಾಮತಸ್ಥ, ಬಾರಕೇರ ಮನೆತನಗಳ ಹೆಣ್ಣುಮಕ್ಕಳು ಅವನನ್ನು ಹೊತ್ತು, ಹಾಡುತ್ತಾ ಮನೆಮನೆಗೆ ಹೋಗುತ್ತಾರೆ. ಮನೆಯವರು ಮೊರದಲ್ಲಿ ಜೋಳ ತಂದು ಹಾಕುತ್ತಾರೆ. ಬದಲಿಗೆ ಸಿಕ್ಕ ಬೇವಿನೆಲೆಯನ್ನು ಹೊಲಕ್ಕೆ ಚೆಲ್ಲುತ್ತಾರೆ, ಪೈರಿಗೆ ಒಳ್ಳೆಯದೆಂದು. ಅವನ ಆಯುಷ್ಯ ಏಳೇ ದಿನ. ಅನಂತನ ಹುಣ್ಣಿಮೆಯ ಹೊತ್ತಿಗೆ ಅವನನ್ನು ಕೊಂದು ಅಗಸರು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹಾಕಿ ಬರುತ್ತಾರೆ. ಗಣಪ ಬಂದು ಕಡುಬು ತಿಂದು ಹೋಗಿ, ಮೇಲೆ ಶಿವನಿಗೆ ‘ಭೂಮಿಯಲ್ಲಿ ಎಲ್ಲರೂ ಸುಖವಾಗಿದ್ದಾರೆ’ ಎಂದು ಹೇಳುತ್ತಾನಂತೆ. ಜೋಕುಮಾರ ಮಾತ್ರ ಜನರ ಕಷ್ಟವನ್ನು ಇದ್ದದ್ದು ಇದ್ದಂತೆ ಹೇಳಿ ಮಳೆ ತರುತ್ತಾನಂತೆ. ಇಷ್ಟೆಲ್ಲ ಆ ಬುಟ್ಟಿಯಲ್ಲಿದೆ. ನಮ್ಮ ಕಲಾವಿದರು ಅದರ ಕೆಳಗೆ ‘ನಂಬಿಕೆ’ ಎಂದು ಬರೆದು ಕೈತೊಳೆದುಕೊಂಡರು. ಬುಟ್ಟಿ ಹೊತ್ತವಳು ಯಾರು? ಯಾವ ಊರು? ಆ ವರ್ಷ ಮಳೆ ಬಂತಾ? ಕೇಳಬೇಡಿ, ಕಾವ್ಯ ಕೆಡುತ್ತದೆ!

ಕಾವ್ಯ ಎಂದಿರಲ್ಲ, ಅದಕ್ಕೆ ಹೇಳುತ್ತೇನೆ. ಜಗತ್ತಿನ ಅತಿ ಪ್ರಸಿದ್ಧ ಫೋಟೋಗಳಲ್ಲಿ ಒಂದನ್ನು ಡೊರೊಥಿಯಾ ಲ್ಯಾಂಗ್ ಎಂಬಾಕೆ 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊ ಎಂಬಲ್ಲಿ ತೆಗೆದರು. ಬಟಾಣಿ ಕೀಳುವವರ ಬಿಡಾರದಲ್ಲಿ ಕೂತ ಕೂಲಿ ತಾಯಿ, ಹೆಗಲಿಗೆ ಒರಗಿ ಮುಖ ತಿರುಗಿಸಿದ ಇಬ್ಬರು ಮಕ್ಕಳು. ಲ್ಯಾಂಗ್ ಆಕೆಯ ವಯಸ್ಸು ಬರೆದುಕೊಂಡರು, ಹೆಸರು ಕೇಳಲಿಲ್ಲ. ಚಿತ್ರಕ್ಕೆ ‘ವಲಸೆ ತಾಯಿ’ ಎಂಬ ಹೆಸರು ನಿಂತುಬಿಟ್ಟಿತು. ಆಕೆ ಫ್ಲಾರೆನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ತಿಳಿದಿದ್ದು 1978ರಲ್ಲಿ. ತನ್ನ ಹೆಸರನ್ನೇ ಕೇಳಲಿಲ್ಲ, ಆ ಫೋಟೋದಿಂದ ತನಗೊಂದು ಕಾಸೂ ಬರಲಿಲ್ಲ ಎಂದು ಆಕೆಗೆ ಆಗಲೂ ಬೇಜಾರಿತ್ತು. ಅದೇ ಚಿತ್ರದ ಒಂದು ಪ್ರತಿ 1998ರಲ್ಲಿ ಎರಡು ಲಕ್ಷ ಡಾಲರಿಗೂ ಜಾಸ್ತಿ ಬೆಲೆಗೆ ಹರಾಜಾಯಿತು.

‘ಕರೆಂಟ್ ಕಂಬ ಕೂಡ ಇಲ್ಲದ ಅಪ್ಪಟ ಹಳ್ಳಿ’ ಎಂದು ಹೊಗಳಿದ್ದೀರಿ. ಅಲ್ಲ ಸ್ವಾಮಿ, ಕರೆಂಟ್ ಕಂಬ ಇಲ್ಲದ ಊರು ಗದಗ, ಕೊಪ್ಪಳದ ಕಡೆ ಎಲ್ಲಿದೆ? ಈಗ ಗಾಳಿಯಂತ್ರಗಳೇ ಸಾಲುಗಟ್ಟಿ ನಿಂತಿರುವ ಸೀಮೆ ಅದು. ಅವೆಲ್ಲ ಚೌಕಟ್ಟಿಗೆ ಬರದಂತೆ ನಿಲ್ಲಲು ಫೋಟೋಗ್ರಾಫರು ಎಷ್ಟು ಕಷ್ಟಪಟ್ಟಿರಬೇಕು! ಅಮೆರಿಕದ ಎಡ್ವರ್ಡ್ ಕರ್ಟಿಸ್ ಕೂಡ ಇದೇ ಕೆಲಸ ಮಾಡಿದ್ದ. ಮೂಲನಿವಾಸಿಗಳ ಬದುಕನ್ನು ಇಪ್ಪತ್ತು ಸಂಪುಟಗಳಲ್ಲಿ ದಾಖಲಿಸಿದ ಮನುಷ್ಯ. ಪೀಗನ್ ಬುಡಕಟ್ಟಿನ ಇಬ್ಬರು ಗಂಡಸರು ಡೇರೆಯೊಳಗೆ ಕೂತಿರುವ ಫೋಟೋ ತೆಗೆದ. ಇಬ್ಬರ ನಡುವೆ ಒಂದು ಗಡಿಯಾರ ಇತ್ತು. ಅಚ್ಚಿಗೆ ಹೋಗುವಾಗ ಆ ಗಡಿಯಾರವನ್ನು ಅಳಿಸಿದ. ‘ಅಪ್ಪಟ’ ಮನುಷ್ಯರ ಹತ್ತಿರ ಗಡಿಯಾರ ಇರಬಾರದಲ್ಲ!

ನಮ್ಮಲ್ಲೂ ಈ ಚಟ ಹೊಸದಲ್ಲ. 1857ರ ದಂಗೆಯ ನಂತರ ಬ್ರಿಟಿಷ್ ಸರ್ಕಾರ ಭಾರತದ ಜನರ ಫೋಟೋಗಳನ್ನು ಎಂಟು ಸಂಪುಟಗಳಲ್ಲಿ ಅಚ್ಚು ಹಾಕಿಸಿತು, 1868ರಿಂದ 1875ರವರೆಗೆ. ಬಹುಪಾಲು ಚಿತ್ರಗಳ ಕೆಳಗೆ ಜಾತಿ, ಬುಡಕಟ್ಟು, ಜೊತೆಗೆ ಇವರು ನಂಬಿಕಸ್ತರೋ ಕಳ್ಳರೋ ಎಂಬ ಷರಾ. ದೊರೆಗಳು ಜಾತಿ ಬರೆದರು, ನಾವು ‘ಕಾಯಕ’ ಎಂದು ಬರೆಯುತ್ತೇವೆ. ಎರಡರಲ್ಲೂ ಮನುಷ್ಯ ಕಾಣೆ.

ಹೆಸರು ಬರೆದಿಡುವುದು ಯಾರಿಗೆ ಗೊತ್ತಿತ್ತು ಎಂದರೆ, ತಾಲ್ಲೂಕು ಊರಿನ ಸ್ಟುಡಿಯೊದವರಿಗೆ. ಅಂಥ ಒಬ್ಬ ಹಿರಿಯರ ಅಂಗಡಿಗೆ ಹೋಗಿದ್ದೆ. ಕಪಾಟಿನ ತುಂಬ ನೆಗೆಟಿವ್ ಕವರುಗಳು. ಪ್ರತಿ ಕವರಿನ ಮೇಲೆ ಪೆನ್ಸಿಲಿನಲ್ಲಿ ಮನೆತನ, ಊರು, ಸಂದರ್ಭ: ‘ಮದುವೆ’, ‘ಜವಳ’, ‘ಎತ್ತು ಗೆದ್ದದ್ದು’. ಒಂದರ ಮೇಲೆ ‘ರೊಕ್ಕ ಬಾಕಿ’ ಎಂದೂ ಇತ್ತು. ಇವರು ಯಾವ ಗ್ಯಾಲರಿಗೂ ಹೋದವರಲ್ಲ, ಯಾವ ಅಕಾಡೆಮಿಯೂ ಇವರನ್ನು ಕರೆದು ಶಾಲು ಹೊದಿಸಲಿಲ್ಲ. ಒಂದು ಸೀಮೆಯ ಸಂಸ್ಕೃತಿ ಅಂದರೆ ನನಗೆ ಆ ಕಪಾಟು. ಮುಂದೆ ಮಕ್ಕಳು ಡಿಜಿಟಲ್‌ಗೆ ಹೋದರು, ಕವರುಗಳು ಗುಜರಿಗೆ ಹೋದವು. ಫಿಲ್ಮಿನಲ್ಲಿ ಬೆಳ್ಳಿ ಇರುತ್ತದೆ, ಕರಗಿಸಿ ತೆಗೆಯುತ್ತಾರೆ. ಹೀಗೆ ಎಷ್ಟು ಊರುಗಳ ಅಜ್ಜ-ಅಜ್ಜಿಯರು ಕರಗಿ ಹೋದರೋ! ಸಮ್ಮೇಳನ, ಉತ್ಸವ, ಕಟೌಟು, ಸ್ವಾಗತ ಕಮಾನು ಇವಕ್ಕೆಲ್ಲ ದುಡ್ಡಿದೆ. ನೆಗೆಟಿವ್ ಇಡಲು ಜಿಲ್ಲೆಗೊಂದು ತೇವವಿಲ್ಲದ ಕೋಣೆ ಕೇಳಿದರೆ ಅಧಿಕಾರಿಗಳು ಪಿಳಿಪಿಳಿ ಕಣ್ಣು ಬಿಡುತ್ತಾರೆ. ನಮ್ಮ ಪತ್ರಿಕೋದ್ಯಮದವರೇನೂ ಕಮ್ಮಿಯಿಲ್ಲ. ಬರಗಾಲದ ಸುದ್ದಿಗೆ ಬಿರುಕು ಬಿಟ್ಟ ಕೆರೆ, ಅದರ ಮೇಲೊಬ್ಬ ಮುದುಕ, ಕೆಳಗೆ ‘ಸಾಂದರ್ಭಿಕ ಚಿತ್ರ’. ಆತನಿಗೆ ಮನೆ ಇದೆ, ಸಾಲ ಇದೆ, ಮತದಾರರ ಪಟ್ಟಿಯಲ್ಲಿ ಹೆಸರಿದೆ. ನಮಗೆ ಮಾತ್ರ ಆತ ಸಾಂದರ್ಭಿಕ.

ಒಂದು ಊರಿನ ಗುಡಿಯ ಪೌಳಿಯಲ್ಲಿ, ಅದೇ ಊರಿನ ಫೋಟೋಗಳನ್ನು ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಬಿಟ್ಟಿದ್ದನ್ನೂ ನೋಡಿದ್ದೇನೆ. ಯಾರೂ ನೆರಳು-ಬೆಳಕಿನ ಮಾತಾಡಲಿಲ್ಲ. “ಇದು ಮಾರಿದ ಎತ್ತಲ್ಲೇನಲೇ?” “ಅಕ್ಕಾ, ನಿನ್ನ ಮೂಗಬಟ್ಟ ಆವಾಗ ಇತ್ತು ನೋಡು.” ಒಬ್ಬ ಮುದುಕಿ ತನ್ನ ಫೋಟೋ ನೋಡಿ, “ಹರಕ ಸೀರಿ ಉಟ್ಟಾಗ ಯಾಕ ತಗದ್ಯೋ ತಮ್ಮಾ, ಒಂದ ಮಾತ ಹೇಳಿದ್ರ ಹೊಸಾದು ಉಡತಿದ್ದೆ” ಎಂದು ತೆಗೆದವನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಳು. ಕಲಾವಿಮರ್ಶೆ ಅಂದರೆ ಇದು! ಬೆಂಗಳೂರಿನ ಉದ್ಘಾಟನೆಯಲ್ಲಿ ಈ ಮಾತು ಕೇಳಲು ಆಕೆಯನ್ನು ಯಾರು ಕರೆಯುತ್ತಾರೆ?

ನಿಮ್ಮ ಬೇಡಿಕೆಗೆ ಬರುತ್ತೇನೆ. ವಿಶೇಷಾಂಕದಲ್ಲಿ ಆ ಚಿತ್ರಗಳಿಗೆ ಎಂಟು ಪುಟ ಕೊಡಲು ನಾನು ತಯಾರು. ಚಿತ್ರಗಳು ನಿಜಕ್ಕೂ ಚೆನ್ನಾಗಿವೆ. ಫೋಟೋಗ್ರಾಫರಿಗೆ ಪತ್ರ ಬರೆದು, ಚಿತ್ರದಲ್ಲಿರುವವರ ಹೆಸರು, ಊರು ಕೇಳಿದ್ದೇನೆ. ಕೆಲವು ನೆನಪಿವೆ, ಕೆಲವಕ್ಕೆ ಮತ್ತೆ ಊರಿಗೆ ಹೋಗಬೇಕು ಎಂದು ಉತ್ತರಿಸಿದ್ದಾರೆ. ಹೋಗಲಿ. ಹೋಗುವಾಗ ಒಂದೊಂದು ಪ್ರತಿ ಪ್ರಿಂಟ್ ಹಾಕಿಸಿಕೊಂಡು ಹೋಗಿ ಅವರವರ ಕೈಗೆ ಕೊಡಲಿ. ಅದರ ಖರ್ಚು ಪತ್ರಿಕೆಯದು. ಹೆಸರು ಬಂದಷ್ಟು ಚಿತ್ರ ಅಚ್ಚಾಗುತ್ತವೆ, ನಾಲ್ಕೇ ಆದರೂ ಸರಿ.
– ಸಂ.