ಮೀಟರ್ ಸರಿ ಅನ್ನುತ್ತದೆ, ದನಿ ಮಾತ್ರ ಯಾರಿಗೂ ಮುಟ್ಟುತ್ತಿಲ್ಲ

ಹ್ಯಾಮ್ ರೇಡಿಯೊ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್, ನಾನು ಬಾಗಲಕೋಟೆ ನವನಗರದವನು. ಹೋದ ವರ್ಷ ಲೈಸೆನ್ಸ್ ಬಂತು. ಅಜ್ಜನ ಕಾಲದ ಎರಡು ವಾಲ್ವ್ ರೇಡಿಯೊಗಳಿಂದ ಗ್ಯಾಂಗ್ ಕಂಡೆನ್ಸರ್ (ಸ್ಟೇಷನ್ ತಿರುಗಿಸುವ ತಗಡುಗಳ ಕಂಡೆನ್ಸರ್) ಬಿಚ್ಚಿಕೊಂಡು, ನಡುವೆ ಒಂದು ಕಾಯಿಲ್ ಹಾಕಿ ಟೀ ಮಾದರಿಯ ಟ್ಯೂನರ್ (ರೇಡಿಯೊಕ್ಕೆ ಆಂಟೆನಾ ಹೊಂದಿಸುವ ಪೆಟ್ಟಿಗೆ) ಮಾಡಿದ್ದೇನೆ. ಮಾಳಿಗೆ ಮೇಲೆ 40 ಮೀಟರ್ ಬ್ಯಾಂಡಿನ ಡೈಪೋಲ್ (ಎರಡು ತೋಳಿನ ತಂತಿ ಆಂಟೆನಾ) ಇದೆ. ಕೆಳಗೆ ರೂಮಿಗೆ 65 ಅಡಿ ಆರ್‌ಜಿ-58 ಕೇಬಲ್. ಅದೇ ಆಂಟೆನಾವನ್ನು 20 ಮೀಟರ್ ಬ್ಯಾಂಡಿಗೂ ಟ್ಯೂನ್ ಮಾಡುತ್ತೇನೆ. ಮೀಟರ್ ಎಸ್‌ಡಬ್ಲ್ಯುಆರ್ (ಪವರ್ ಎಷ್ಟು ವಾಪಸ್ ಬರುತ್ತಿದೆ ಅನ್ನುವ ಅಳತೆ; 1 ಇದ್ದರೆ ಏನೂ ವಾಪಸ್ ಇಲ್ಲ) 1.1 ತೋರಿಸುತ್ತದೆ. ಆದ್ರೆ ಎಷ್ಟು ಕೂಗಿದರೂ ಯಾರೂ ಉತ್ತರ ಕೊಡುವುದಿಲ್ಲ, ಕಾಯಿಲ್ ಬಿಸಿಯಾಗುತ್ತದೆ. ತಪ್ಪು ಎಲ್ಲೈತ್ರಿ?

ಉತ್ತರ: ತಪ್ಪು ಟ್ಯೂನರಿನಲ್ಲಿ ಕಡಿಮೆ, ಕೇಬಲ್ಲಿನಲ್ಲಿ ಜಾಸ್ತಿ. ಮೀಟರ್ ಸುಳ್ಳು ಹೇಳುತ್ತಿಲ್ಲ. ಅದು ಹೇಳುತ್ತಿರುವುದು ರೇಡಿಯೊಕ್ಕೂ ಟ್ಯೂನರಿಗೂ ನಡುವಿನ ಸಂಗತಿ ಅಷ್ಟೆ. ಟ್ಯೂನರ್ ದಾಟಿದ ಮೇಲೆ ಏನು ನಡೆದಿದೆ ಅನ್ನುವುದು ಅದಕ್ಕೆ ಕಾಣುವುದಿಲ್ಲ.

7 ಮೆಗಾಹರ್ಟ್ಸ್‌ಗೆ (40 ಮೀಟರ್ ಬ್ಯಾಂಡ್) ಕತ್ತರಿಸಿದ ಡೈಪೋಲ್ 14 ಮೆಗಾಹರ್ಟ್ಸ್‌ನಲ್ಲಿ (20 ಮೀಟರ್ ಬ್ಯಾಂಡ್) ಪೂರ್ತಿ ಒಂದು ತರಂಗದಷ್ಟು ಉದ್ದವಾಗುತ್ತದೆ. ಆಗ ಅದರ ನಡುವೆ ಸಿಗುವ ಇಂಪಿಡೆನ್ಸ್ (ತಡೆ) ಕೇಬಲ್ಲಿಗೆ ಹೊಂದುವ 50 ಓಮ್ ಅಲ್ಲ, ಸಾವಿರಗಟ್ಟಲೆ ಓಮ್. 3000 ಅಂತ ಇಟ್ಟುಕೊಂಡರೂ ಮೇಲೆ ಎಸ್‌ಡಬ್ಲ್ಯುಆರ್ 60 ಆಯಿತು. ಹೋದ ಪವರ್‌ನಲ್ಲಿ ಹೆಚ್ಚಿನದು ಅಲ್ಲಿಂದ ವಾಪಸ್ ಬರುತ್ತದೆ, ಟ್ಯೂನರ್ ಅದನ್ನು ಮತ್ತೆ ಮೇಲಕ್ಕೆ ಅಟ್ಟುತ್ತದೆ. ಹೀಗೆ ಹತ್ತಿ ಇಳಿಯುವ ಪ್ರತಿ ಸಲ ಕೇಬಲ್ ತನ್ನ ಪಾಲು ಇಟ್ಟುಕೊಳ್ಳುತ್ತದೆ, ಎಪಿಎಂಸಿಯಲ್ಲಿ ದಲಾಲರು ಹಿಡಿದುಕೊಂಡ ಹಾಗೆ. ಸರಿಯಾದ ಆಂಟೆನಾ ಇದ್ದಿದ್ದರೆ ನಿಮ್ಮ 65 ಅಡಿ ಕೇಬಲ್ 14 ಮೆಗಾಹರ್ಟ್ಸ್‌ನಲ್ಲಿ ತಿನ್ನುತ್ತಿದ್ದುದು ಸುಮಾರು 1 ಡೆಸಿಬೆಲ್. ಈಗ ಲೆಕ್ಕ ಹಾಕಿದರೆ ಅದು 9 ಡೆಸಿಬೆಲ್ ದಾಟುತ್ತದೆ. ಅಂದರೆ ನೀವು 100 ವ್ಯಾಟ್ ಬಿಟ್ಟರೆ ಆಂಟೆನಾಕ್ಕೆ ಮುಟ್ಟುವುದು ಹತ್ತು-ಹನ್ನೆರಡು ವ್ಯಾಟ್. ಇನ್ನೊಂದು ಮೋಸ ನೋಡಿ: ಕೇಬಲ್ ಇಷ್ಟು ತಿನ್ನುವುದರಿಂದಲೇ ಕೆಳಗೆ ರೂಮಿನಲ್ಲಿ, ಟ್ಯೂನರ್ ಇಲ್ಲದೆ ಅಳೆದರೂ ಎಸ್‌ಡಬ್ಲ್ಯುಆರ್ 60 ಕಾಣುವುದಿಲ್ಲ, ಸುಮಾರು 7 ಕಾಣುತ್ತದೆ. ‘ಏಳೇ ಅಲ್ವಾ, ಟ್ಯೂನ್ ಮಾಡೋಣ’ ಅನಿಸುತ್ತದೆ.

ಹಾಗಾಗಿ 20 ಮೀಟರ್ ಬ್ಯಾಂಡಿನ ಮಟ್ಟಿಗೆ ಟ್ಯೂನರ್ ಪಕ್ಕಕ್ಕಿಡಿ. ಈಗಿರುವ ಡೈಪೋಲಿನ ಎರಡು ತೋಳು ತಲಾ 33 ಅಡಿ ಇರಬೇಕು. ಅದೇ ನಡುವಿನ ಜಾಗಕ್ಕೆ, ಅದೇ ಕೇಬಲ್ಲಿಗೆ, ತಲಾ ಹದಿನಾರೂವರೆ ಅಡಿಯ ಇನ್ನೆರಡು ತಂತಿ ಕಟ್ಟಿ. ಅವುಗಳ ತುದಿ ಉದ್ದದ ತಂತಿಯಿಂದ ಎರಡು-ಮೂರು ಅಡಿ ದೂರ ಇರಲಿ. ತಂತಿಗಳು ಒಂದರ ಮೇಲೊಂದು ಪ್ರಭಾವ ಬೀರುತ್ತವೆ. ಅದಕ್ಕೇ ಮೊದಲು ಅರ್ಧ ಅಡಿ ಉದ್ದವೇ ಬಿಟ್ಟು, ಅಳೆಯುತ್ತ ಕತ್ತರಿಸುತ್ತ ಬನ್ನಿ. ಖರ್ಚು ಒಂದಿಷ್ಟು ತಾಮ್ರದ ತಂತಿ. ಒಂದೇ ಆಂಟೆನಾದಲ್ಲಿ ಎಲ್ಲ ಬ್ಯಾಂಡೂ ಬೇಕೇ ಬೇಕು ಅನ್ನುವುದಾದರೆ ಈಗಿನ ಕೋಎಕ್ಸ್ ಕೇಬಲ್ ತೆಗೆದು ಎರಡು ತಂತಿಯ ಏಣಿ ಲೈನ್ ಎಳೆಯಿರಿ. 18 ಗೇಜಿನ ಎರಡು ತಂತಿ, ನಡುವೆ 10 ಸೆಂಟಿಮೀಟರ್ ಅಂತರ. ಮನೆ ವೈರಿಂಗಿನ ಪಿವಿಸಿ ಪೈಪನ್ನು ತುಂಡು ಮಾಡಿ ಎರಡೆರಡು ಅಡಿಗೆ ಒಂದರಂತೆ ಮೆಟ್ಟಿಲು ಕೊಟ್ಟರೆ ಸುಮಾರು 600 ಓಮ್‌ನ ಲೈನ್ ಆಗುತ್ತದೆ. ಎಸ್‌ಡಬ್ಲ್ಯುಆರ್ ಎಷ್ಟೇ ಏರಿದರೂ ಅದು ತಿನ್ನುವುದು ಬಹಳ ಕಡಿಮೆ. ಟ್ಯೂನರಿನ ಆಚೆ ಒಂದು ಬಾಲನ್ (ಎರಡು ತಂತಿಯ ಲೈನನ್ನು ಟ್ಯೂನರಿಗೆ ಹೊಂದಿಸುವ ಕಾಯಿಲ್) ಬೇಕಾಗುತ್ತದೆ.

ಇನ್ನು ನಿಮ್ಮ ಟ್ಯೂನರ್. ಎಸೆಯಬೇಡಿ, ಒಳ್ಳೆಯ ಕೆಲಸವೇ ಮಾಡಿದ್ದೀರಿ. ಆದರೆ ಟೀ ಟ್ಯೂನರಿಗೆ ಒಂದು ಕೆಟ್ಟ ಗುಣ ಇದೆ. ಒಂದೇ ಆಂಟೆನಾಕ್ಕೆ ಅದು ಹಲವು ಕಡೆ ಎಸ್‌ಡಬ್ಲ್ಯುಆರ್ 1:1 ತೋರಿಸುತ್ತದೆ. ಅವುಗಳಲ್ಲಿ ಕೆಲವು ಕಡೆ ಪವರ್ ಕಾಯಿಲ್‌ನಲ್ಲೇ ಉರಿದು ಹೋಗುತ್ತದೆ. ನಿಮ್ಮ ಕಾಯಿಲ್ ಬಿಸಿಯಾಗುವುದು ಅದಕ್ಕೇ. ಎರಡೂ ಗ್ಯಾಂಗ್‌ಗಳ ತಗಡು ಪೂರ್ತಿ ಒಳಗೆ ಸೇರಿಸಿ ಶುರು ಮಾಡಿ, ಕಾಯಿಲ್‌ನ ಸುತ್ತು ಆದಷ್ಟು ಕಡಿಮೆ ಇಟ್ಟು ಹೊಂದಿಸಿ. ಗ್ಯಾಂಗ್ ಹೆಚ್ಚು, ಕಾಯಿಲ್ ಕಡಿಮೆ: ಹಾಗೆ ಸಿಗುವ 1:1 ಮಾತ್ರ ನಂಬಬೇಕು.

ಗ್ಯಾಂಗಿನ ಪಕ್ಕಕ್ಕೆ ಸಣ್ಣ ಸ್ಕ್ರೂ ಇರುವ ಟ್ರಿಮ್ಮರ್‌ಗಳಿರುತ್ತವೆ, ಅವನ್ನು ಕಿತ್ತುಬಿಡಿ. ಕಿಡಿ ಮೊದಲು ಹಾರುವುದು ಅಲ್ಲೇ. ನನ್ನ ಮೊದಲ ಟ್ಯೂನರಿನಲ್ಲಿ ಇದು ಗೊತ್ತಿಲ್ಲದೆ ಒಂದು ವಾರ ‘ಟಿಕ್ ಟಿಕ್’ ಶಬ್ದ ಹುಡುಕಿದ್ದೆ. ಮನೆಯವರು ಹಲ್ಲಿ ಅಂದರು, ನಾನೂ ನಂಬಿದ್ದೆ! ಕೊನೆಗೆ ರಾತ್ರಿ ದೀಪ ಆರಿಸಿ ಕೂತಾಗ ನೀಲಿ ಕಿಡಿ ಕಂಡಿತು. ಗ್ಯಾಂಗಿನ ಚೌಕಟ್ಟು ಲೋಹದ ಪೆಟ್ಟಿಗೆಗೆ ತಾಗಬಾರದು. ಟೀ ಜೋಡಣೆಯಲ್ಲಿ ಅದೂ ವೋಲ್ಟೇಜ್ ಇರುವ ತುದಿಯೇ. ಅಕ್ರಿಲಿಕ್ ಹಾಳೆ ಮೇಲೆ ಕೂರಿಸಿ, ಶಾಫ್ಟಿಗೂ ನಾಬಿಗೂ ನಡುವೆ ಪ್ಲಾಸ್ಟಿಕ್ ತುಂಡು ಕೊಡಿ. ಇಲ್ಲಾಂದ್ರೆ ಬೆರಳಿಗೆ ಚುರುಕು ಮುಟ್ಟುತ್ತದೆ. ತಗಡುಗಳ ನಡುವಿನ ಧೂಳನ್ನು ಬ್ರಷ್‌ನಿಂದ ತೆಗೆದು, ಮಲ್ಟಿಮೀಟರ್ ಬೀಪ್‌ಗೆ ಇಟ್ಟು ಪೂರ್ತಿ ತಿರುಗಿಸಿ ನೋಡಿ. ನಡುವೆ ಎಲ್ಲಾದರೂ ಬೀಪ್ ಬಂದರೆ ತಗಡು ಬಾಗಿದೆ ಅಂತ.

ಕಾಯಿಲ್‌ಗೆ ತಂತಿ ಹುಡುಕಿ ಬೆಂಗಳೂರಿಗೆ ಹೋಗಬೇಕಿಲ್ಲ. ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಕೇಳಿ. ಬೋರ್‌ವೆಲ್ ಸಬ್‌ಮರ್ಸಿಬಲ್ ಮೋಟರಿಗೆ ಸುತ್ತುವ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ, ಅದು ಬೇಡ. ನೆಲದ ಮೇಲಿಡುವ ಮೋಟರಿಗೆ ಹಾಕುವ ಎನಾಮಲ್ ತಂತಿ ತಗೊಳ್ಳಿ, 16 ಗೇಜ್. ಸುಮಾರು 5 ಸೆಂಟಿಮೀಟರ್ ಅಗಲದ ಪೈಪಿನ ಮೇಲೆ, ಸುತ್ತಿಗೂ ಸುತ್ತಿಗೂ ಒಂದು ತಂತಿಯಷ್ಟು ಜಾಗ ಬಿಟ್ಟು 24 ಸುತ್ತು ಸುತ್ತಿದರೆ 15 ಮೈಕ್ರೊಹೆನ್ರಿ ಹತ್ತಿರ ಬರುತ್ತದೆ. 7 ಮೆಗಾಹರ್ಟ್ಸ್ ಮತ್ತು ಅದರ ಮೇಲಿನ ಬ್ಯಾಂಡ್‌ಗಳಿಗೆ ಸಾಕು.

ಪ್ರಶ್ನೆ: ಬೆಳಗಾವಿಯಿಂದ ಬರೆಯುತ್ತಿದ್ದೇನೆ. ಮೂರು ಆಂಟೆನಾ ಇವೆ, ರೇಡಿಯೊ ಒಂದೇ. ಹಳೆಯ ಫ್ಯಾನ್ ರೆಗ್ಯುಲೇಟರಿನ ತಿರುಗುವ ಸ್ವಿಚ್ಚಿನಿಂದ ಆಂಟೆನಾ ಸ್ವಿಚ್ ಮಾಡಬಹುದೇ? ರಿಲೇ (ದೂರದಿಂದಲೇ ವಿದ್ಯುತ್ತಿನಿಂದ ಬದಲಿಸುವ ಸ್ವಿಚ್) ಹಾಕಬೇಕೇ? ಒಂದು ಆಂಟೆನಾ 145 ಮೆಗಾಹರ್ಟ್ಸ್‌ನದು.

ಉತ್ತರ: ಎಚ್‌ಎಫ್‌ಗೆ (30 ಮೆಗಾಹರ್ಟ್ಸ್ ಒಳಗಿನ ಬ್ಯಾಂಡ್‌ಗಳಿಗೆ) ಆಗುತ್ತದೆ, 145ಕ್ಕೆ ಆಗುವುದಿಲ್ಲ. ಕಾರಣ ಸ್ವಿಚ್ಚಿಗಿಂತ ಹೆಚ್ಚಾಗಿ ಒಳಗಿನ ತಂತಿ. ಒಂದು ಮಿಲಿಮೀಟರ್ ತಂತಿಗೆ ಸುಮಾರು ಒಂದು ನ್ಯಾನೊಹೆನ್ರಿ ಅಂತ ಹಿಡಿಯಿರಿ. ಸ್ವಿಚ್ಚಿಗೂ ಸಾಕೆಟ್ಟಿಗೂ ನಡುವೆ 5 ಸೆಂಟಿಮೀಟರ್ ತಂತಿ ಇದ್ದರೆ 50 ನ್ಯಾನೊಹೆನ್ರಿ. ಅದು 7 ಮೆಗಾಹರ್ಟ್ಸ್‌ನಲ್ಲಿ ಒಡ್ಡುವ ತಡೆ ಎರಡು ಓಮ್ ಚಿಲ್ಲರೆ. ಅದೇ ತಂತಿ 145ರಲ್ಲಿ 45 ಓಮ್! ನಿಮ್ಮ ಕೇಬಲ್ಲೇ 50 ಓಮ್ ಇರುವಾಗ ಇನ್ನೇನು ಉಳಿಯಿತು? ಆ ಆಂಟೆನಾವನ್ನು ಸ್ವಿಚ್ಚಿಗೆ ತರಲೇಬೇಡಿ, ನೇರವಾಗಿ ರೇಡಿಯೊಕ್ಕೆ ಹಾಕಿ.

100 ವ್ಯಾಟಿಗೆ 50 ಓಮ್ ಜಾಗದಲ್ಲಿ 71 ವೋಲ್ಟ್, 1.4 ಆಂಪಿಯರ್ ಅಷ್ಟೆ. ಹಾಗಾಗಿ ಸ್ಟೆಬಿಲೈಸರುಗಳಲ್ಲಿ ಸಿಗುವಂಥ 12 ವೋಲ್ಟ್, 10 ಆಂಪಿಯರ್ ರಿಲೇ ಧಾರಾಳವಾಯಿತು. ನಾನಾದರೆ ರಿಲೇನೇ ಹಾಕುತ್ತೇನೆ. ರಿಲೇ ಪೆಟ್ಟಿಗೆ ಮಾಳಿಗೆ ಮೇಲಿಟ್ಟರೆ ಉಳಿದ ಎರಡು ಆಂಟೆನಾಕ್ಕೂ ಕೆಳಗೆ ಒಂದೇ ಕೇಬಲ್ ಇಳಿಸಿದರೆ ಮುಗಿಯಿತು, ಒಂದು ಕೇಬಲ್ಲಿನ ದುಡ್ಡು ಉಳಿಯುತ್ತದೆ. ಪ್ರತಿ ರಿಲೇ ಕಾಯಿಲ್‌ಗೆ ಅಡ್ಡಲಾಗಿ ಒಂದು 1ಎನ್4007 ಡಯೋಡ್ ಇರಲಿ, ಅದರ ಗೆರೆ ಪ್ಲಸ್ ಕಡೆಗೆ. ಆದರೆ ಟ್ಯೂನರ್ ಬಳಸುವುದಾದರೆ ಸ್ವಿಚ್ಚು ಯಾವಾಗಲೂ ರೇಡಿಯೊಕ್ಕೂ ಟ್ಯೂನರಿಗೂ ನಡುವೆ ಬರಲಿ. ಟ್ಯೂನರಿನ ಆಚೆ 3000 ಓಮ್ ಇದ್ದರೆ ಅದೇ 100 ವ್ಯಾಟಿಗೆ 550 ವೋಲ್ಟ್ ಹತ್ತಿರ ಏಳುತ್ತದೆ. ಆಗ ಈ ಸಣ್ಣ ರಿಲೇ ತಡೆಯುವುದಿಲ್ಲ. ಮತ್ತೆ, ಮಾತಾಡುತ್ತಿರುವಾಗ ಸ್ವಿಚ್ ತಿರುಗಿಸಬೇಡಿ.

ಪೆಟ್ಟಿಗೆಗೆ ಬಿಸ್ಕತ್ತಿನ ತಗಡಿನ ಡಬ್ಬಿ ಚಲೋ, ಅದಕ್ಕೆ ಬೆಸುಗೆ ಹಿಡಿಯುತ್ತದೆ. ಅಲ್ಯೂಮಿನಿಯಂ ಬೇಕಾದರೆ ಉದ್ಯಮಬಾಗ ಕಡೆಯ ವರ್ಕ್‌ಶಾಪಿನಲ್ಲಿ ತೂತು ಹಾಕಿಸಿಕೊಳ್ಳಿ. ಕುಂದಾ ಬರುವ ಪ್ಲಾಸ್ಟಿಕ್ ಡಬ್ಬಿ ಬೇಡ, ಒಂದು ಆಂಟೆನಾದ ಸಿಗ್ನಲ್ ಇನ್ನೊಂದಕ್ಕೆ ಸೋರುತ್ತದೆ. ಮಾಳಿಗೆ ಮೇಲಿಡುವುದಾದರೆ ಬೆಳಗಾವಿ ಮಳೆ ನೆನಪಿರಲಿ: ಸಾಕೆಟ್ಟುಗಳು ಕೆಳಮುಖವಾಗಿರಲಿ, ತಳಕ್ಕೆ ಒಂದು ಸಣ್ಣ ತೂತು ಬಿಡಿ.

ಪ್ರಶ್ನೆ: ವಿಜಯಪುರದಲ್ಲಿ ನಮ್ಮ ಮನೆ ಊರ ಹೊರಗೆ, ಬಯಲಲ್ಲಿ ಇದೆ. ಸ್ವಿಚ್ಚಿನಲ್ಲಿ ಒಂದು ಕಡೆ ಅರ್ಥಿಂಗ್ ಕೊಟ್ಟರೆ ಸಿಡಿಲಿಗೆ ಭಯ ಇಲ್ಲ ತಾನೇ?

ಉತ್ತರ: ಇದೆ. ಕಿಲೋಮೀಟರುಗಟ್ಟಲೆ ಗಾಳಿಯನ್ನೇ ಸೀಳಿಕೊಂಡು ಬಂದ ಸಿಡಿಲಿಗೆ ಸ್ವಿಚ್ಚಿನೊಳಗಿನ ಒಂದೆರಡು ಮಿಲಿಮೀಟರ್ ಸಂದು ಯಾವ ಲೆಕ್ಕ? ಭರಣಿ ಮಳೆಯ ಹೊತ್ತಿಗೆ ಮೋಡ ಕಟ್ಟುವ ಮೊದಲೇ ಕೇಬಲ್ ಬಿಚ್ಚಿ ಕಿಟಕಿ ಹೊರಗೆ ಹಾಕಿ. ಗುಡುಗು ಶುರುವಾದ ಮೇಲೆ ಬಿಚ್ಚಲು ಹೋಗಬೇಡಿ. ಅರ್ಥಿಂಗ್ ಬೇಕೇ ಬೇಕು, ಆದರೆ ಬೇರೆ ಕಾರಣಕ್ಕೆ. ಬೇಸಿಗೆಯ ಒಣಗಾಳಿಗೆ ತಂತಿಯಲ್ಲಿ ಸ್ಥಿರ ವಿದ್ಯುತ್ ತುಂಬುತ್ತದೆ. ಅದು ಇಳಿಯಲು ಆಂಟೆನಾ ಸಾಕೆಟ್ಟಿನಿಂದ ಅರ್ಥಿಂಗ್‌ಗೆ 100 ಕಿಲೋಓಮ್, 2 ವ್ಯಾಟಿನ ಒಂದು ರೆಸಿಸ್ಟರ್ ಸಾಕು. ನಿಮ್ಮ ಕಡೆ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಅರ್ಥಿಂಗ್ ರಾಡಿನಿಂದ ದೂರ ಸರಿಯುತ್ತದೆ. ಆಗಾಗ ಒಂದು ಕೊಡ ನೀರು ಹಾಕುತ್ತಿರಿ.

ಪ್ರಶ್ನೆ: ಜಮಖಂಡಿಯ ಪಿಯುಸಿ ವಿದ್ಯಾರ್ಥಿ. ಲೈಸೆನ್ಸ್ ಇಲ್ಲದೆ ಇವನ್ನೆಲ್ಲ ಮಾಡಬಹುದಾ ಸರ್?

ಉತ್ತರ: ಟ್ಯೂನರ್, ಸ್ವಿಚ್ ಮಾಡಲು ಅಡ್ಡಿಯಿಲ್ಲಪ್ಪ. ಪ್ರಸಾರ ಮಾಡಲು ಮಾತ್ರ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆಯಲೇಬೇಕು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಬೇಕಿಲ್ಲ, ವಿಯು3 ಅಂತ ಶುರುವಾಗುವ ಕರೆಗುರುತು ಸಿಗುತ್ತದೆ. ಅಲ್ಲಿಯವರೆಗೆ ಒಂದು ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ಹೀರಿಕೊಳ್ಳುವ ರೆಸಿಸ್ಟರ್ ಗುಂಪು) ಮಾಡಿಡು: 1 ಕಿಲೋಓಮ್, 2 ವ್ಯಾಟಿನ 20 ಕಾರ್ಬನ್ ಫಿಲ್ಮ್ ರೆಸಿಸ್ಟರ್‌ಗಳನ್ನು ಸಮಾಂತರವಾಗಿ ಬೆಸೆದರೆ 50 ಓಮ್, 40 ವ್ಯಾಟ್. ವೈರ್‌ವೌಂಡ್ ತರಬೇಡ, ಅದರೊಳಗೇ ಒಂದು ಕಾಯಿಲ್ ಇರುತ್ತದೆ. ಮೇಲೆ ನವನಗರದವರ ಪ್ರಶ್ನೆ ಇದೆಯಲ್ಲ, ಅವರಿಗೂ ಇದು ಬೇಕು. ಟ್ಯೂನರಿನ ಆಚೆ ಇದನ್ನು ಹಾಕಿ 40 ವ್ಯಾಟ್ ದಾಟದಂತೆ ಎರಡು ನಿಮಿಷ ಪವರ್ ಬಿಟ್ಟು, ರೇಡಿಯೊ ಆರಿಸಿ, ಕಾಯಿಲ್ ಮುಟ್ಟಿ ನೋಡಲಿ. ತಣ್ಣಗಿದ್ದರೆ ಟ್ಯೂನರ್ ನೆಟ್ಟಗಿದೆ.